ಕ್ರೇಟ್ ಎಂಜಿನ್: ಪೆಟ್ಟಿಗೆಯಲ್ಲಿ ಬರುವುದೇನು, ಬಾರದಿರುವುದೇನು

ವಾಹನ ತಯಾರಕರೋ, ಎಂಜಿನ್ ಕಟ್ಟುವುದನ್ನೇ ಕಸುಬಾಗಿಸಿಕೊಂಡ ಕಾರ್ಖಾನೆಗಳೋ ಪೂರ್ತಿಯಾಗಿ ಜೋಡಿಸಿ, ಯಾವ ಕಾರಿಗೂ ಕೂರಿಸದೆ ಬಿಡಿಯಾಗಿ ಮಾರುವ ಎಂಜಿನ್ನನ್ನು ಅಮೆರಿಕದಲ್ಲಿ ಕ್ರೇಟ್ ಎಂಜಿನ್ ಅಥವಾ ಕ್ರೇಟ್ ಮೋಟಾರ್ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಬಿಗಿದು ಸಾಗಿಸುವುದರಿಂದ ಆ ಹೆಸರು. 1960 ಮತ್ತು 70ರ ದಶಕದ ಷೆವರ್ಲೆ, ಫೋರ್ಡ್, ಡಾಡ್ಜ್ ಕಾರುಗಳನ್ನು ಇಂದಿಗೂ ರಸ್ತೆಯಲ್ಲಿ ಓಡಿಸುವವರು, ಹಳೆಯ ಎಂಜಿನ್ ಸವೆದು ಬೋರಿಗೆ (ಸಿಲಿಂಡರ್ ಕೊರೆಸಬೇಕಾದ ಸ್ಥಿತಿಗೆ) ಬಂದಾಗ, ಅದನ್ನು ಬಿಚ್ಚಿ ಲೇತ್ ಅಂಗಡಿಗೆ ಒಯ್ದು ತಿಂಗಳುಗಟ್ಟಲೆ ಕಾಯುವ ಬದಲು ಇಂಥದೊಂದನ್ನು ಕೊಳ್ಳುತ್ತಾರೆ. ಹಳೆಯ ಬ್ಲಾಕನ್ನು, ಎಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಒಡಲನ್ನು, ಬಿಚ್ಚಿದ ಮೇಲಷ್ಟೇ ಬಿರುಕು, ಸವೆತಗಳು ಗೊತ್ತಾಗುತ್ತವೆ ಮತ್ತು ಅಂದಾಜು ಮೊತ್ತ ಬೆಳೆಯುತ್ತಾ ಹೋಗುತ್ತದೆ. ಕ್ರೇಟ್ ಎಂಜಿನ್ನಿನಲ್ಲಿ ಬೆಲೆ ಮೊದಲೇ ಗೊತ್ತು, ಸಾಮಾನ್ಯವಾಗಿ ವಾರಂಟಿಯೂ ಇರುತ್ತದೆ.

ಆದರೆ ಪೂರ್ತಿ ಎಂಬ ಮಾತಿಗೆ ಮಾರಾಟಗಾರರೆಲ್ಲ ಒಂದೇ ಅಳತೆ ಇಟ್ಟುಕೊಂಡಿಲ್ಲ. ಬ್ಲಾಕ್, ಕ್ರ್ಯಾಂಕ್ (ಪಿಸ್ಟನ್ ಚಲನೆಯನ್ನು ತಿರುಗುವಿಕೆಯಾಗಿಸುವ ದಂಡ), ಕನೆಕ್ಟಿಂಗ್ ರಾಡ್ ಮತ್ತು ಪಿಸ್ಟನ್‌ಗಳಷ್ಟೇ ಇದ್ದರೆ ಅದು ಶಾರ್ಟ್ ಬ್ಲಾಕ್. ನಮ್ಮ ಗ್ಯಾರೇಜುಗಳು ಹಾಫ್ ಎಂಜಿನ್ ಎಂದು ಕರೆಯುವುದೂ ಹೆಚ್ಚುಕಡಿಮೆ ಇದನ್ನೇ. ಸಿಲಿಂಡರುಗಳ ಮೇಲೆ ಕೂರುವ ಹೆಡ್, ವಾಲ್ವ್‌ಗಳು, ಅವನ್ನು ತೆರೆಯಿಸುವ ಕ್ಯಾಮ್‌ಶಾಫ್ಟ್ ಸೇರಿದರೆ ಲಾಂಗ್ ಬ್ಲಾಕ್. ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ವಾಟರ್ ಪಂಪ್‌ಗಳಿಂದ ಆಲ್ಟರ್ನೇಟರ್‌ವರೆಗೆ ಎಲ್ಲವನ್ನೂ ಕೂಡಿಸಿ ಕೊಟ್ಟದ್ದು ಟರ್ನ್‌ಕೀ. ಜಾಹೀರಾತಿನಲ್ಲಿ ಕಣ್ಣು ಸೆಳೆಯುವ ಕಡಿಮೆ ಬೆಲೆ ಬಹಳ ಸಲ ಲಾಂಗ್ ಬ್ಲಾಕಿನದು. ಕಾರಿನಿಂದ ಇಳಿಸಿದ ಎಂಜಿನ್ನಿನ ಕಾರ್ಬುರೇಟರ್, ಇನ್‌ಟೇಕ್, ಪುಲ್ಲಿಗಳು ಚೆನ್ನಾಗಿದ್ದು ಹೊಸದಕ್ಕೆ ಹೊಂದುವಂತಿದ್ದರೆ ಲಾಂಗ್ ಬ್ಲಾಕ್ ನಿಜವಾಗಿಯೂ ಅಗ್ಗ. ಅವನ್ನೆಲ್ಲ ಬಿಡಿಬಿಡಿಯಾಗಿ ಹೊಸದಾಗಿ ಕೊಳ್ಳಬೇಕಾದರೆ, ಮೊದಲು ದುಬಾರಿಯೆಂದು ಕಂಡ ಟರ್ನ್‌ಕೀಯೇ ಕಡಿಮೆ ಖರ್ಚಿನದಾಗಬಹುದು.

ಒಂದು ಉದಾಹರಣೆ ನೋಡೋಣ. 1970ರ ಷೆವರ್ಲೆ ನೋವಾ ಕಾರಿನಲ್ಲಿ 307 ಘನ ಅಂಗುಲದ, ಎಂದರೆ 5 ಲೀಟರಿನ, ವಿ8 (ಎಂಟು ಸಿಲಿಂಡರಿನ) ಎಂಜಿನ್ ಇದೆ ಎನ್ನಿ. ಇದು 1955ರಲ್ಲಿ 265 ಘನ ಅಂಗುಲದಿಂದ ಆರಂಭವಾದ ಷೆವರ್ಲೆ ಸ್ಮಾಲ್ ಬ್ಲಾಕ್ ವಂಶದ್ದು. 1967ರಲ್ಲಿ ಷೆವರ್ಲೆಯದೇ ಕಮಾರೋ ಕಾರಿನ ಜೊತೆಗೆ ಬಂದ 350 ಘನ ಅಂಗುಲದ, 5.7 ಲೀಟರಿನ ಎಂಜಿನ್ ಇದೇ ವಂಶದ ಅತ್ಯಂತ ಪ್ರಸಿದ್ಧ ಕುಡಿ, ಕ್ರೇಟ್ ಎಂಜಿನ್ ಮಾರುಕಟ್ಟೆಯಲ್ಲಿ ಬಹುಕಾಲ ಅಗ್ಗವಾಗಿ ಸಿಕ್ಕಿದ್ದೂ ಅದೇ. ಎರಡೂ ಒಂದೇ ವಿನ್ಯಾಸದವಾದ್ದರಿಂದ ಮೌಂಟಿಂಗ್‌ಗಳು ಹೊಂದುತ್ತವೆ, ಗಿಯರ್‌ಬಾಕ್ಸ್ ಜೋಡಿಸುವ ಬೋಲ್ಟ್‌ಗಳೂ ಹೊಂದುತ್ತವೆ. ಅದೇ ನೋವಾ ಆರು ಸಿಲಿಂಡರಿನದಾಗಿದ್ದರೆ ಫ್ರೇಮಿನ ಮೌಂಟಿಂಗ್, ರೇಡಿಯೇಟರ್, ಎಕ್ಸಾಸ್ಟ್ ಎಲ್ಲವನ್ನೂ ಬದಲಿಸಬೇಕಾಗುತ್ತಿತ್ತು. ಹಣ ಉಳಿಯುವುದು ಎಂಜಿನ್ನಿನ ಬೆಲೆಯಲ್ಲಿ ಚೌಕಾಸಿ ಮಾಡುವುದರಿಂದಲ್ಲ, ಕಾರಿನಲ್ಲಿ ಮೊದಲಿದ್ದ ವಂಶದ ಎಂಜಿನ್ನನ್ನೇ ಆರಿಸುವುದರಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದೇ ವಂಶವಾದರೂ ಎಡವುವ ಜಾಗಗಳಿವೆ. 1986ರ ಸುಮಾರಿಗೆ ಷೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ಈ ಎಂಜಿನ್ನಿನ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲನ್ನು ಎರಡು ತುಂಡಿನಿಂದ ಒಂದೇ ತುಂಡಿನದಕ್ಕೆ ಬದಲಿಸಿತು. ಸೋರಿಕೆ ತಡೆಯಲು ಇದು ಒಳ್ಳೆಯ ಸುಧಾರಣೆಯೇ. ಆದರೆ ಅದರೊಂದಿಗೆ ಕ್ರ್ಯಾಂಕಿನ ತುದಿಯ ಬೋಲ್ಟ್‌ಗಳ ವೃತ್ತ ಕಿರಿದಾಯಿತು, ಮತ್ತು ಕ್ರ್ಯಾಂಕಿನ ತೂಕ ಸರಿದೂಗಿಸುವ ಕೆಲಸದ ಒಂದು ಪಾಲು ಕ್ರ್ಯಾಂಕಿನ ತುದಿಗೆ ಬಿಗಿಯುವ ಭಾರದ ಚಕ್ರವಾದ ಫ್ಲೈವೀಲಿಗೆ ಹೋಯಿತು. ಹಾಗಾಗಿ ಹೊಸ ಮಾದರಿಯ ಸೀಲ್ ಇರುವ ಕ್ರೇಟ್ ಎಂಜಿನ್ ತರಿಸಿದವರು 1970ರ ಫ್ಲೈವೀಲನ್ನು ಅದಕ್ಕೆ ಕೂರಿಸಲಾರರು. ಕೆಲವು ಹೊಸ ಬ್ಲಾಕ್‌ಗಳಲ್ಲಿ ಹಳೆಯ ಬಗೆಯ ಯಾಂತ್ರಿಕ ಪೆಟ್ರೋಲ್ ಪಂಪ್ ಕೂರಿಸಲು ಜಾಗವೇ ಇರುವುದಿಲ್ಲ, ವಿದ್ಯುತ್ ಪಂಪಿಗೆ ಬೇರೆ ಹಣ ಎತ್ತಿಡಬೇಕು.

ಇನ್ನು ಶಕ್ತಿಯ ಮಾತು. 1971ರವರೆಗೆ ಅಮೆರಿಕದ ಕಂಪನಿಗಳು ಫ್ಯಾನ್, ಆಲ್ಟರ್ನೇಟರ್, ಸೈಲೆನ್ಸರ್ ಯಾವುದರ ಹೊರೆಯೂ ಇಲ್ಲದೆ ಪರೀಕ್ಷಾ ಪೀಠದ ಮೇಲೆ ಅಳೆದ ಒಟ್ಟು ಅಶ್ವಶಕ್ತಿಯನ್ನು ಪ್ರಕಟಿಸುತ್ತಿದ್ದವು. 1972ರ ಮಾದರಿಗಳಿಂದ ನಿವ್ವಳ ಅಂಕಿಗೆ ಬಂದವು. ಹೀಗಾಗಿ 307ರ 200 ಅಶ್ವಶಕ್ತಿಯನ್ನು ಇಂದಿನ ಕಾರುಗಳ ಅಂಕಿಯೊಂದಿಗೆ ನೇರವಾಗಿ ಹೋಲಿಸಬಾರದು. ಕ್ರೇಟ್ ರೂಪದ 350 ಎಂಜಿನ್ನಿನ 290 ಅಶ್ವಶಕ್ತಿಯ ಆವೃತ್ತಿಯೊಂದು ಬಹಳ ಜನಪ್ರಿಯವಾಗಿತ್ತು. ರಸ್ತೆಯ ಓಡಾಟಕ್ಕೆ ಅಷ್ಟು ಧಾರಾಳವಾಗಿ ಸಾಕು. ಅದಕ್ಕಿಂತ ಬಹಳ ಮೇಲೇರಿದರೆ ಗಿಯರ್‌ಬಾಕ್ಸ್, ಹಿಂದಿನ ಆಕ್ಸಲ್, ಬ್ರೇಕ್ ಎಲ್ಲವೂ ತಮ್ಮ ತಮ್ಮ ಬಿಲ್ ಹಿಡಿದು ನಿಲ್ಲುತ್ತವೆ.

ಇನ್ನೂ ಅಗ್ಗದ ದಾರಿಯೆಂದು ಹಲವರು ಷೆವರ್ಲೆ ಪಿಕಪ್‌ಗಳ 5.3 ಲೀಟರ್ ವಿ8 ಅನ್ನು ಗುಜರಿಯಿಂದ ತರುತ್ತಾರೆ. ಅದು ಗಟ್ಟಿ ಎಂಜಿನ್ ನಿಜ, ಆದರೆ ಕಂಪ್ಯೂಟರ್, ವೈರಿಂಗ್, ಹೆಚ್ಚಿನ ಒತ್ತಡದ ಪೆಟ್ರೋಲ್ ಲೈನ್, ಬೇರೆ ಮೌಂಟಿಂಗ್ ಎಲ್ಲ ಬೇಕು. ಈ ಕೆಲಸಗಳನ್ನು ಸ್ವತಃ ಮಾಡಿಕೊಳ್ಳಬಲ್ಲವರಿಗೆ ಮಾತ್ರ ಅದು ಅಗ್ಗ.

ಹಳೆಯ ಶೈಲಿಯ ಚಪ್ಪಟೆ ಟ್ಯಾಪೆಟ್ (ಕ್ಯಾಮ್‌ಶಾಫ್ಟಿನ ಮೇಲೆ ಉಜ್ಜುತ್ತಾ ವಾಲ್ವ್‌ಗಳನ್ನು ಎತ್ತುವ ಭಾಗ) ಇರುವ ಕ್ರೇಟ್ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡುವಾಗ ಐಡ್ಲಿಂಗಿನಲ್ಲಿ ಬಿಡಬಾರದು. ಕೂಡಲೇ ನಿಮಿಷಕ್ಕೆ 2,000 ಸುತ್ತುಗಳ ಆಸುಪಾಸಿಗೆ ಏರಿಸಿ, 20ರಿಂದ 30 ನಿಮಿಷ ಓಡಿಸಬೇಕು. ಕ್ಯಾಮ್ ಮತ್ತು ಟ್ಯಾಪೆಟ್ ಪರಸ್ಪರ ಒಗ್ಗಿಕೊಳ್ಳುವುದು ಆಗಲೇ. ಎಂಜಿನ್ ಆಯಿಲಿನಲ್ಲಿ ಸತುವಿನ ಸಂಯುಕ್ತ ಸಾಕಷ್ಟು ಇರಬೇಕು, ಏಕೆಂದರೆ ಹೊಗೆಯನ್ನು ಶುದ್ಧೀಕರಿಸುವ ಕೆಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು ಇಂದಿನ ಸಾಮಾನ್ಯ ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡಲಾಗಿದೆ. ಇದನ್ನು ಕಡೆಗಣಿಸಿದರೆ ಹೊಸ ಕ್ಯಾಮ್‌ಶಾಫ್ಟ್ ಮೊದಲ ದಿನವೇ ಸವೆದುಹೋಗಬಹುದು.

ಕೆಳಗಿಳಿಸಿದ ಎಂಜಿನ್ನನ್ನು ಮಾರಿ ಖರ್ಚು ಸರಿದೂಗಿಸುವ ಆಸೆ ಸಹಜ. ಆದರೆ ಅದರ ಮೇಲೆ ಕೊರೆದ ಸಂಖ್ಯೆ ಕಾರಿನ ಚಾಸಿ ಸಂಖ್ಯೆಯೊಂದಿಗೆ ತಾಳೆಯಾಗುತ್ತಿದ್ದರೆ ಸಂಗ್ರಾಹಕರ ಲೆಕ್ಕದಲ್ಲಿ ಕಾರಿನ ಬೆಲೆಯ ದೊಡ್ಡ ಪಾಲು ಅಲ್ಲೇ ಇರುತ್ತದೆ. ಎಣ್ಣೆ ಸವರಿ, ಮುಚ್ಚಿ, ಮೂಲೆಯಲ್ಲಿ ಇಟ್ಟುಕೊಳ್ಳುವುದೇ ಲೇಸು. ಹೊಗೆ ಪರೀಕ್ಷೆಗೆ ಹೆಸರಾದ ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ನಿಯತ ತಪಾಸಣೆಯಿಂದ ವಿನಾಯಿತಿ ಇದೆ. ಭಾರತದಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ ಎಂಜಿನ್ ಬದಲಿಸುವ ವಿಷಯದಲ್ಲಿ ಅಂಥ ಸಡಿಲಿಕೆ ಇಲ್ಲ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ವಿವರಗಳನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ, ಮತ್ತು 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಬಂದ ನಿಯಮಗಳು ಎಂಜಿನ್ ಮಾರ್ಪಟ್ಟ ವಾಹನಗಳನ್ನು ಆ ವರ್ಗದಿಂದ ಹೊರಗಿಡುತ್ತವೆ.