ಅಡುಗೆ ಕಟ್ಟೆಗೊಂದು ನಿಂಬೆಹಣ್ಣಿನ ಪರೀಕ್ಷೆ

ಅಡುಗೆಮನೆ ಕಟ್ಟೆಗೆ ಕಲ್ಲು ನೋಡಲು ಹೊರಟಾಗ ಜೇಬಿನಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡಿದ್ದೆ. ಅಂಗಡಿಯವರು ದೃಷ್ಟಿ ತೆಗೆಯೋಕೆ ಅಂದುಕೊಂಡರೇನೋ. ನನಗೆ ಬೇಕಿದ್ದದ್ದು ಅದರ ಹುಳಿ.

ಅಲ್ಲಿ ಎರಡು ಕಪ್ಪು ಕಲ್ಲುಗಳಿದ್ದವು. ಒಂದು ಕಡಪ, ಇನ್ನೊಂದು ಬ್ಲ್ಯಾಕ್ ಗ್ರಾನೈಟ್. ನೋಡೋಕೆ ಅಣ್ಣತಮ್ಮಂದಿರ ಹಾಗೆ. ಕಡಪದ ಬೆಲೆ ಕಡಿಮೆ. ಕೇಳಿಕೊಂಡು ಎರಡರ ಚೂರುಗಳ ಮೇಲೂ ನಾಲ್ಕು ಹನಿ ಹಿಂಡಿ, ಹತ್ತು ನಿಮಿಷ ಬಿಟ್ಟು ಒರೆಸಿದೆ. ಗ್ರಾನೈಟ್ ಹಾಗೇ ಹೊಳೆಯುತ್ತಿತ್ತು. ಕಡಪದ ಮೇಲೆ ಹನಿ ಬಿದ್ದಷ್ಟು ಜಾಗ ಮಂಕಾಗಿತ್ತು.

ಯಾಕೆಂದರೆ ಕಡಪ ಸುಣ್ಣದ ಕಲ್ಲು. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಅದೇ ಜಾತಿ. ಮಾರ್ಬಲ್ ಕೂಡ ದೂರದ್ದೇನಲ್ಲ. ಸುಣ್ಣದ ಕಲ್ಲೇ ಭೂಮಿಯೊಳಗೆ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಹೊಸದಾಗಿ ಹರಳುಗಟ್ಟಿದರೆ ಮಾರ್ಬಲ್. ಮೂರರಲ್ಲೂ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಅದು ಕಾರ್ಬನ್ ಡೈಆಕ್ಸೈಡ್ ಬಿಡುತ್ತಾ ಕರಗುತ್ತದೆ. ಹಾಗಾಗಿ ಆ ಮಂಕು ಗುರುತು ಕಲೆಯಲ್ಲ, ಕಲ್ಲೇ ಸವೆದದ್ದು. ಎಷ್ಟು ತಿಕ್ಕಿದರೂ ಹೋಗದು, ಮತ್ತೆ ಪಾಲಿಶ್ ಆಗಬೇಕು. ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ. ದಿನಾ ಸಾರು, ಮಜ್ಜಿಗೆಹುಳಿ ಮಾಡುವ ಮನೆಗೆ ಬಿಳಿ ಮಾರ್ಬಲ್ ಕಟ್ಟೆ ಹಾಕಿಸುವವರ ಧೈರ್ಯ ಮೆಚ್ಚಬೇಕು.

ಇನ್ನು ಬ್ಲ್ಯಾಕ್ ಗ್ರಾನೈಟ್. ಭೂವಿಜ್ಞಾನಿಗಳನ್ನು ಕೇಳಿದರೆ ಅದು ಗ್ರಾನೈಟೇ ಅಲ್ಲ ಅನ್ನುತ್ತಾರೆ! ನಿಜವಾದ ಗ್ರಾನೈಟ್ ನೋಡಬೇಕೆಂದರೆ ರಾಮನಗರದ ಬಂಡೆಗಳನ್ನು ನೋಡಿ. ಊರಿನ ಹಳೇ ಹೆಸರಿನಿಂದ ಅದಕ್ಕೆ ಈಗಲೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಶಿಲಾರಸ ನಿಧಾನವಾಗಿ ಆರಿದ್ದರಿಂದ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು. ಬ್ಲ್ಯಾಕ್ ಗ್ರಾನೈಟ್ ಎಂದು ಮಾರುವ ಚಾಮರಾಜನಗರದ ಕಪ್ಪು ಕಲ್ಲು ಡೊಲೆರೈಟ್ ಎಂಬ ಬೇರೆ ಶಿಲೆ. ಅದು ಬಂಡೆಗಳ ಬಿರುಕಿಗೆ ನುಗ್ಗಿದ ಶಿಲಾರಸ. ಬೇಗ ಆರಿದ್ದರಿಂದ ಹರಳುಗಳು ಸಣ್ಣವು, ಒಂದಕ್ಕೊಂದು ಒತ್ತಾಗಿ ಹೆಣೆದುಕೊಂಡಿವೆ. ಎಣ್ಣೆ, ಅರಿಶಿನ ಒಳಗಿಳಿಯಲು ಸಂದು ಕಡಿಮೆ. ತಿಳಿ ಬಣ್ಣದ ಕೆಲವು ಗ್ರಾನೈಟ್‌ಗಳು ಹಾಗಲ್ಲ. ನೀರಿನ ಹನಿ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಅಡಿಯ ಕಲ್ಲು ಕಪ್ಪಾದರೆ ಅದು ನೀರು ಕುಡಿಯುವ ಕಲ್ಲು, ಒಗ್ಗರಣೆ ಎಣ್ಣೆಯನ್ನೂ ಬಿಡುವುದಿಲ್ಲ.

ಈಗಿನ ಫ್ಯಾಷನ್ ಕಾರ್ಖಾನೆಯಲ್ಲಿ ತಯಾರಾಗುವ ಕ್ವಾರ್ಟ್ಜ್. ಹೆಸರಿನಂತೆ ಅದರಲ್ಲಿ ಬೆಣಚುಕಲ್ಲಿನ ಪುಡಿ ನೂರಕ್ಕೆ ಸುಮಾರು 90 ಭಾಗ. ಉಳಿದದ್ದು ಅಂಟು ಮತ್ತು ಬಣ್ಣ. ಹುಳಿಗೆ ಜಗ್ಗದು, ನೀರು ಹೀರದು. ಸಮಸ್ಯೆ ಇರುವುದು ಅಂಟಿನಲ್ಲಿ. ಅದು ಒಂದು ಬಗೆಯ ಪ್ಲಾಸ್ಟಿಕ್ ತಾನೇ? ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಇಟ್ಟರೆ ಗುರುತು ಬೀಳುತ್ತದೆ. ನಮ್ಮ ಮನೆಯಲ್ಲಿ ಬಾಣಲೆ ಕೆಳಗೆ ಮಣೆ ಇಡುವಷ್ಟು ವ್ಯವಧಾನ ಯಾರಿಗಿದೆ! ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಇದನ್ನು ಕತ್ತರಿಸುವಾಗ ಏಳುವ ಸಿಲಿಕಾ ಧೂಳು, ಅಂದರೆ ಬೆಣಚಿನ ಧೂಳು, ಕೆಲಸಗಾರರ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ರೋಗ ತರುತ್ತದೆ. ಹೋದ ಶ್ವಾಸಕೋಶ ಮತ್ತೆ ಬರುವುದಿಲ್ಲ. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಟ್ಟೆ ಕಲ್ಲನ್ನು ನಿಷೇಧಿಸಿದೆ. ಗ್ರಾನೈಟ್ ಧೂಳಿನಲ್ಲೂ ಸಿಲಿಕಾ ಇದೆ, ಆದರೆ ಅಷ್ಟಿಲ್ಲ. ಡೊಲೆರೈಟ್‌ನಲ್ಲಿ ಬೆಣಚು ಇನ್ನೂ ಕಡಿಮೆ. ಆದರೂ ನಮ್ಮ ಮೇಸ್ತ್ರಿಗೆ ನೀರು ಬಿಟ್ಟೇ ಕತ್ತರಿಸಿ ಎಂದು ಹೇಳಿದೆ. ಸಿಂಕಿನ ಕಿಂಡಿಯ ಮೂಲೆಗಳನ್ನು ದುಂಡಗೆ ಮಾಡಲೂ ಕೇಳಿಕೊಂಡೆ. ಕಲ್ಲು ಎಷ್ಟು ಭಾರ ಬೇಕಾದರೂ ಹೊರುತ್ತದೆ, ಬಾಗು ಅಂದರೆ ಮುರಿಯುತ್ತದೆ. ಚೂಪು ಮೂಲೆಯಲ್ಲೇ ಬಿರುಕು ಶುರುವಾಗುವುದು ಜಾಸ್ತಿ.

ಕೊನೆಗೆ ಕಪ್ಪು ಕಲ್ಲೇ ಹಾಕಿಸಿದೆವು. ಅದಕ್ಕೂ ಒಂದು ಕಾಟ ಇದೆ. ನಮ್ಮ ಬೋರ್‌ವೆಲ್ ನೀರು ಗಡಸು. ಒರೆಸದೆ ಬಿಟ್ಟರೆ ನಲ್ಲಿಯ ಸುತ್ತ ಬಿಳಿ ಚುಕ್ಕಿ ನಿಲ್ಲುತ್ತದೆ. ಅದೂ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟೇ. ಹಿಂಡಿ ಉಳಿದ ನಿಂಬೆ ಸಿಪ್ಪೆಯಿಂದ ತಿಕ್ಕಿ ತೊಳೆದರೆ ಹೋಗುತ್ತದೆ.