ಸ್ಕ್ಯಾನ್ ನಾರ್ಮಲ್, ಆದರೂ ಶನಿವಾರ ಆಡುವಂತಿಲ್ಲ

ಭಾನುವಾರ ಟರ್ಫ್‌ನಲ್ಲಿ ಆಡುವಾಗ ಡಿಕ್ಕಿ ಹೊಡೆದುಕೊಂಡು ತಲೆಗೆ ಪೆಟ್ಟು ಮಾಡಿಕೊಂಡವರು ಸೋಮವಾರ ನನ್ನ ಬಳಿ ಬರುವಾಗ ಕೈಯಲ್ಲೊಂದು ಸಿ.ಟಿ. ಸ್ಕ್ಯಾನ್ ವರದಿ ಇರುತ್ತದೆ. ‘ಎಲ್ಲ ನಾರ್ಮಲ್ ಡಾಕ್ಟರೇ, ಶನಿವಾರ ಸೆಮಿಫೈನಲ್ ಇದೆ’ ಎನ್ನುತ್ತಾರೆ. ಸಿ.ಟಿ. ಹುಡುಕುವುದು ರಕ್ತಸ್ರಾವವನ್ನು, ತಲೆಬುರುಡೆಯ ಬಿರುಕನ್ನು. ಕನ್ಕಷನ್ ಎಂದರೆ ಪೆಟ್ಟಿನಿಂದ ಮಿದುಳು ಕೆಲಸ ಮಾಡುವ ರೀತಿಯಲ್ಲಾಗುವ ಏರುಪೇರು. ಅದು ಆ ಚಿತ್ರದಲ್ಲಿ ಕಾಣುವುದಿಲ್ಲ. ಹೆಚ್ಚಿನವರಿಗೆ ಪ್ರಜ್ಞೆಯೂ ತಪ್ಪಿರುವುದಿಲ್ಲ.

ಮೈದಾನದಲ್ಲಿ ಇದನ್ನು ಗುರುತಿಸುವುದು ಜೊತೆಯಾಟಗಾರರ ಕೆಲಸ. ಬಿದ್ದವನು ಏಳಲು ತಡಮಾಡಿದನೇ, ತೂರಾಡಿದನೇ, ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಾನೆಯೇ? ಹೆಸರು ಕೇಳಿ ಪ್ರಯೋಜನವಿಲ್ಲ, ಅದನ್ನು ಎಲ್ಲರೂ ಹೇಳಿಬಿಡುತ್ತಾರೆ. ಯಾವ ಮೈದಾನದಲ್ಲಿದ್ದೇವೆ, ಕೊನೆಯ ಗೋಲು ಯಾರದು, ಹೋದ ಪಂದ್ಯ ಯಾರ ಮೇಲೆ ಆಡಿದೆವು ಎಂದು ಕೇಳಿ. ತಡವರಿಸಿದರೆ ಆ ದಿನದ ಆಟ ಮುಗಿಯಿತು. ಸರಿಯಾಗಿ ಹೇಳಿದರೂ ನಿಮಗೆ ಅನುಮಾನವಿದ್ದರೆ ಹೊರಗೇ ಕೂರಿಸಿ. 2019ರ ಲಾರ್ಡ್ಸ್ ಟೆಸ್ಟಿನಲ್ಲಿ ಚೆಂಡಿನ ಪೆಟ್ಟು ತಿಂದ ಆಸ್ಟ್ರೇಲಿಯದ ಬ್ಯಾಟರ್ ಸ್ಟೀವ್ ಸ್ಮಿತ್ ಕನ್ಕಷನ್ ಪರೀಕ್ಷೆಯಲ್ಲಿ ಪಾಸಾಗಿ ಮತ್ತೆ ಬ್ಯಾಟಿಂಗ್‌ಗೆ ಇಳಿದಿದ್ದರು. ಲಕ್ಷಣ ಕಾಣಿಸಿಕೊಂಡದ್ದು ಮರುದಿನ ಬೆಳಿಗ್ಗೆ. ಅವರ ಬದಲಿಗೆ ಅದೇ ತಂಡದ ಲಬುಶೇನ್ ಆಡಿದರು. ಬದಲಿ ಆಟಗಾರನಿಗೆ ಅವಕಾಶ ಕೊಡಲು ನಮ್ಮ ಆಫೀಸ್ ಟೂರ್ನಿಗಳಿಗೆ ಏನು ಕಷ್ಟವೋ ನಾನರಿಯೆ.

ನಮ್ಮ ಬೆಂಗಳೂರಿನ ಇನ್ನೊಂದು ರೋಗ, ಪಂದ್ಯ ಮುಗಿದೊಡನೆ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಹತ್ತುವುದು. ತಲೆ ತಿರುಗುತ್ತಿರುವವನನ್ನು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಲು ಒಬ್ಬನೇ ಕಳಿಸಬೇಡಿ. ಕೀಲಿ ಕಸಿದುಕೊಳ್ಳಿ, ಯಾರಾದರೂ ಜೊತೆಗೆ ಹೋಗಿ ಮನೆಯವರಿಗೆ ವಿಷಯ ಹೇಳಿ. ಅಂದು ಮದ್ಯ ಬೇಡ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಕೈಕಾಲಿನಲ್ಲಿ ಬಲಹೀನತೆ, ಎರಡೆರಡಾಗಿ ಕಾಣುವುದು, ಎಚ್ಚರಿಸಲು ಕಷ್ಟವಾಗುವ ಮಂಪರು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಕತ್ತು ನೋವೆಂದರೆ ಬಿದ್ದಲ್ಲಿಂದ ಅಲುಗಾಡಿಸಬೇಡಿ.

ಇವೇನೂ ಇಲ್ಲವಾದರೆ ಮೊದಲ 24ರಿಂದ 48 ಗಂಟೆ ಬಿಡುವು. ಕತ್ತಲ ಕೋಣೆಯಲ್ಲಿ ಮಲಗಿಸುವ ಹಳೆಯ ಪದ್ಧತಿ ಈಗಿಲ್ಲ. ಮನೆಯ ಸುತ್ತ ನಡೆದಾಡಲಿ, ಮೊಬೈಲ್ ಮಾತ್ರ ಆದಷ್ಟು ದೂರವಿರಲಿ. ನಮ್ಮ ಐಟಿ ಹುಡುಗರಿಗೆ ಮೈದಾನ ಬಿಡಿಸುವುದಕ್ಕಿಂತ ಲ್ಯಾಪ್‌ಟಾಪ್ ಬಿಡಿಸುವುದೇ ಕಷ್ಟ.

ಆಮೇಲೆ ನಡಿಗೆ, ಓಟ, ಮೈಗೆ ಮೈ ತಾಗದ ಅಭ್ಯಾಸ, ವೈದ್ಯರು ಒಪ್ಪಿದ ಮೇಲೆ ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ. ತಲೆನೋವು ಜೋರಾದರೆ ಅಂದಿಗೆ ನಿಲ್ಲಿಸಿ. ಮಕ್ಕಳಾದರೆ ಮೊದಲು ಶಾಲೆಯ ದಿನಚರಿಗೆ ಪೂರ್ತಿ ಮರಳಲಿ, ಆಟ ಆಮೇಲೆ. ಅವರಿಗೆ ನಾಲ್ಕು ವಾರವೂ ಹಿಡಿಯಬಹುದು.