ಆತಂಕ ಜಾಸ್ತಿಯಾದರೆ ಹುಚ್ಚು ಹಿಡಿಯುತ್ತಾ?

ಪ್ರಶ್ನೆ: ನನಗೆ ಆತಂಕದ ಕಾಯಿಲೆ ಇದೆ ಎಂದು ಡಾಕ್ಟರ್ ಹೇಳಿದ್ದಾರೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬುದ್ಧಿ ಕೆಟ್ಟೇ ಹೋಯಿತು ಅನ್ನಿಸುತ್ತದೆ. ಇದು ಹೀಗೇ ಬೆಳೆದು ಮುಂದೆ ಹುಚ್ಚಾಗುತ್ತಾ?

ಉತ್ತರ: ಇಲ್ಲ. ಆತಂಕ ಬೆಳೆದು ಹುಚ್ಚಾಗುವುದಿಲ್ಲ. ಈ ಭಯ ಎಷ್ಟು ಹಿಂಡುತ್ತದೆ ಎಂದು ಗೊತ್ತು, ಅದಕ್ಕೇ ಮೊದಲು ಇಷ್ಟು ಹೇಳಿಬಿಟ್ಟೆ.

ಮಾನಸಿಕ ಕಾಯಿಲೆ ಎಂದರೆ ಒಂದೇ ಏಣಿ, ಕೆಳಗಿನ ಮೆಟ್ಟಿಲು ಚಿಂತೆ, ಕೊನೆಯದು ಹುಚ್ಚು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಇವು ಬೇರೆ ಬೇರೆ ಕಾಯಿಲೆಗಳು. ಕಿವಿನೋವು ಬೆಳೆದು ಸಕ್ಕರೆ ಕಾಯಿಲೆ ಆಗುವುದಿಲ್ಲ, ಅಲ್ವಾ?

ಅಪಾಯ ಎದುರಾದಾಗ ನಮ್ಮ ದೇಹ ಓಡುವುದಕ್ಕೋ ಹೋರಾಡುವುದಕ್ಕೋ ಸಿದ್ಧವಾಗುತ್ತದೆ. ಅಡ್ರಿನಾಲಿನ್ ಎಂಬ ಹಾರ್ಮೋನು ಏರುತ್ತದೆ, ಎದೆಬಡಿತ ಹೆಚ್ಚುತ್ತದೆ, ಉಸಿರು ಜೋರಾಗುತ್ತದೆ. ಆತಂಕದ ಕಾಯಿಲೆಯಲ್ಲಿ ಅಪಾಯ ಇಲ್ಲದಿದ್ದರೂ ಇದೆಲ್ಲ ಶುರುವಾಗುತ್ತದೆ. ನೀವು ಹೇಳುತ್ತಿರುವುದು ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಬಂದೆರಗುವ ವಿಪರೀತ ಭಯ, ಅದರ ಥರ ಕಾಣುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಇನ್ನೊಂದು ಮಾತು ನಿಮಗೆ ಸಮಾಧಾನ ತರಬಹುದು. ವೈದ್ಯರು ಪ್ಯಾನಿಕ್ ಅಟ್ಯಾಕ್ ಗುರುತಿಸಲು ಬಳಸುವ ಲಕ್ಷಣಗಳ ಪಟ್ಟಿಯಲ್ಲೇ 'ಹುಚ್ಚು ಹಿಡಿಯುತ್ತದೆ ಎಂಬ ಭಯ' ಕೂಡ ಇದೆ. ಅಂದರೆ ನಿಮ್ಮನ್ನು ಕಾಡುತ್ತಿರುವ ಈ ಪ್ರಶ್ನೆಯೇ ಆ ಕಾಯಿಲೆಯ ಒಂದು ಲಕ್ಷಣ.

ಜನ ಹುಚ್ಚು ಎನ್ನುವುದು ಹೆಚ್ಚಾಗಿ ಸೈಕೋಸಿಸ್ ಅನ್ನು, ಅಂದರೆ ನಿಜ ಯಾವುದು ಭ್ರಮೆ ಯಾವುದು ಎಂದು ತಿಳಿಯದಾಗುವ ಸ್ಥಿತಿಯನ್ನು. ಸ್ಕಿಜೋಫ್ರೀನಿಯಾ ಈ ಗುಂಪಿನದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಅದು ಇರುತ್ತದೆ. ಯಾರೂ ಇಲ್ಲದಾಗ ದನಿ ಕೇಳಿಸುತ್ತದೆ, ಎಲ್ಲರೂ ಸೇರಿ ತನ್ನ ಮೇಲೆ ಸಂಚು ಮಾಡುತ್ತಿದ್ದಾರೆ ಎಂಬ ಗಟ್ಟಿ ನಂಬಿಕೆ ಬರುತ್ತದೆ. ಹಲವರಿಗೆ ತಮಗೆ ಕಾಯಿಲೆ ಇದೆ ಎಂದೇ ಅನ್ನಿಸುವುದಿಲ್ಲ. ಹಲವರು ಅಂದುಕೊಂಡಂತೆ ಒಬ್ಬರೊಳಗೆ ಇಬ್ಬರು ಇರುವುದು ಸ್ಕಿಜೋಫ್ರೀನಿಯಾ ಅಲ್ಲ. 1908ರಲ್ಲಿ ಬ್ಲಾಯ್ಲರ್ ಎಂಬ ವೈದ್ಯರು 'ಸೀಳಿದ ಮನಸ್ಸು' ಎಂಬ ಅರ್ಥದ ಈ ಹೆಸರು ಕೊಟ್ಟರು, ತಪ್ಪು ತಿಳಿವಳಿಕೆಗೆ ಅದೂ ಒಂದು ಕಾರಣ. ಸ್ಕಿಜೋಫ್ರೀನಿಯಾಕ್ಕೂ ಔಷಧಿ ಇದೆ. ಹುಚ್ಚು ಎಂಬ ಪದ ಆ ನೋವು ಉಣ್ಣುವವರಿಗೆ ಮಾಡುವ ಅನ್ಯಾಯ, ಅದನ್ನು ಬಿಟ್ಟುಬಿಡೋಣ.

ಖಿನ್ನತೆಯಲ್ಲಿ ಕುಸಿಯುವುದು ಮನಸ್ಥಿತಿ. ಎರಡು ವಾರವೋ ಅದಕ್ಕಿಂತ ಜಾಸ್ತಿಯೋ ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಏರುಪೇರು. ಬೈಪೋಲಾರ್‌ನಲ್ಲಿ ಈ ಕುಸಿತದ ಜೊತೆಗೆ ಮಿತಿಮೀರಿದ ಹುರುಪಿನ ದಿನಗಳೂ ಬರುತ್ತವೆ. ಗೀಳು ಕಾಯಿಲೆಯಲ್ಲಿ ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗುತ್ತದೆ, ಅದನ್ನು ತಣಿಸಲು ಕೈ ತೊಳೆಯುವುದೋ ಬೀಗ ಎಳೆದು ನೋಡುವುದೋ ನಡೆಯುತ್ತಲೇ ಇರುತ್ತದೆ. ದೊಡ್ಡ ಆಘಾತದ ನಂತರ ಬರುವ ತೊಂದರೆ, ಊಟದ ಕಾಯಿಲೆಗಳು, ಚಟ, ವ್ಯಕ್ತಿತ್ವದ ತೊಂದರೆಗಳು ಬೇರೆಯೇ ಗುಂಪುಗಳು.

ಆದರೆ ಒಬ್ಬರಿಗೇ ಎರಡು ಕಾಯಿಲೆ ಒಟ್ಟಿಗೆ ಇರಬಹುದು. ಆತಂಕದ ಜೊತೆ ಖಿನ್ನತೆ ಇರುವುದು ತುಂಬಾ ಸಾಮಾನ್ಯ. ನೀವು ಗಮನ ಕೊಡಬೇಕಾದದ್ದು ಇಲ್ಲಿ. ಭಯದಿಂದ ಹೊರಗೆ ಹೋಗುವುದನ್ನೇ ಬಿಟ್ಟರೆ ಆತಂಕ ಇನ್ನಷ್ಟು ಬೇರು ಬಿಡುತ್ತದೆ. ಹೆದರಿಸುವ ಜಾಗಗಳಿಗೆ ಸ್ವಲ್ಪ ಸ್ವಲ್ಪವಾಗಿ ಮರಳುವುದನ್ನು ಚಿಕಿತ್ಸೆಯಲ್ಲಿ ಕಲಿಸುತ್ತಾರೆ, ಕೇಳಿ ನೋಡಿ. ಥೈರಾಯ್ಡ್ ಹೆಚ್ಚಾದರೂ ಎದೆಬಡಿತ, ನಡುಕ ಬರುತ್ತದೆ. ಆ ಪರೀಕ್ಷೆ ಆಗಿಲ್ಲವಾದರೆ ಅದನ್ನೂ ಕೇಳಿ. ಬದುಕು ಸಾಕು ಎಂಬ ಯೋಚನೆ ಬಂದರೆ ಮಾತ್ರ ಮುಂದಿನ ಭೇಟಿಗೆ ಕಾಯಬೇಡಿ, ಅವತ್ತೇ ಡಾಕ್ಟರಿಗೂ ಹತ್ತಿರದವರಿಗೂ ಹೇಳಿ.